ಸರ್ಕಸ್ಸಿನ ಹುಡುಗಿಗೆ ಕಳ್ಳ ಕುಬುಸ

ಕೊರೋನಾ ಹೋಗಿ ಊರುಗಳು ಮತ್ತೆ ಮಂದಿ ಕೂಡಿಸಲು ಧೈರ್ಯ ಮಾಡಿದ ಎರಡನೆಯ ವರ್ಷ ಅದು. ನಾನು ಸರ್ಕಾರಿ ವೈದ್ಯಾಧಿಕಾರಿಯ ಹುದ್ದೆಯಿಂದ ನಿವೃತ್ತಳಾಗಿ, ಗಡಿಯಾಚೆ ಮಹಾರಾಷ್ಟ್ರದ ಜತ್ತ ಪಟ್ಟಣದಲ್ಲಿ ನನ್ನದೇ ಒಂದು ಸಣ್ಣ ಹೆರಿಗೆ ದವಾಖಾನೆ ನಡೆಸುತ್ತಿದ್ದೆ. ನಿವೃತ್ತಿಯಾದ ಮೇಲೆ ವಿಜಯಪುರದ ಮನೆಯಲ್ಲಿ ಆರಾಮಾಗಿ ಇರಬಹುದಿತ್ತು. ಆದರೆ ಆರಾಮ ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಸುಮ್ಮನೆ ಕೂತರೆ ಮನೆಯವರ ಜೊತೆ ಜಗಳ ತೆಗೆಯುತ್ತೇನೆ. “ನೀ ಜತ್ತಕ್ಕ ಹೋಗಿ ಅಲ್ಲೀ ಮಂದಿನ್ನ ಬೈ ಮಾರಾಯ್ತಿ, ನಮಗ ಪುಣ್ಯಾ ಬರ್ತದ” ಎಂದು ಯಜಮಾನರೇ ಕಳಿಸಿಕೊಟ್ಟರು.

ಬೈಯಲು ಇಲ್ಲಿ ವಿಷಯಕ್ಕೇನೂ ಕೊರತೆ ಇರಲಿಲ್ಲ. ನಮ್ಮ ಕಡೆ ಬಸುರಿ ಹೆಂಗಸು ಒಬ್ಬಳೇ ದವಾಖಾನೆಗೆ ಬರುವುದಿಲ್ಲ. ಅತ್ತೆ, ನಾದಿನಿ, ಗಂಡ, ಗಂಡನ ಚಿಕ್ಕಪ್ಪ, ಅವರನ್ನು ಕರೆತಂದ ಟೆಂಪೋದವನು, ಎಲ್ಲರೂ ತಪಾಸಣೆಯ ಕೋಣೆಗೆ ನುಗ್ಗುತ್ತಾರೆ. ನಾನು ಪೇಷಂಟಿನ ಹೊಟ್ಟೆ ಮುಟ್ಟುವ ಮೊದಲೇ “ಏನಂತದ್ರೀ ಕೂಸು?” ಎಂದು ಅತ್ತೆ ಕೇಳುತ್ತಾಳೆ. ಹಾಗಾಗಿ ನಾನೊಂದು ಕಾಯ್ದೆ ಮಾಡಿದ್ದೆ. ಒಳಗೆ ಪೇಷಂಟ್ ಒಬ್ಬಳೇ. ಉಳಿದವರೆಲ್ಲ ಹೊರಗಿನ ಬೇವಿನ ಗಿಡದ ಕೆಳಗೆ. ಅವಳ ದೇಹದ ಸುದ್ದಿ ಮೊದಲು ಅವಳಿಗೆ. ಆಮೇಲೆ ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದು ಅವಳಿಗೆ ಬಿಟ್ಟದ್ದು. ವೈದ್ಯಶಾಸ್ತ್ರದಲ್ಲಿ ಇದಕ್ಕೆ ಕಾನ್ಫಿಡೆನ್ಷಿಯಾಲಿಟಿ ಎಂಬ ಉದ್ದನೆಯ ಹೆಸರಿದೆ. ನನ್ನನ್ನು ಬಾಯಾರು ಎಂದು ಕರೆಯುವ ಊರ ಮಂದಿ ಇದಕ್ಕೆ ಇಟ್ಟ ಹೆಸರು ಬೇರೆ: “ಬಾಯಾರದು ಭಾಳ ಗರ್ವ.”

ಆ ವರ್ಷ ದೀಪಾವಳಿ ಮುಗಿದು ಹಿಂಗಾರಿ ಜೋಳ ಮೊಳಕಾಲೆತ್ತರ ಬಂದಿದ್ದಾಗ ಊರ ಹೊರಗಿನ ಮೈದಾನದಲ್ಲಿ ಒಂದು ಸರ್ಕಸ್ ಡೇರೆ ಎದ್ದಿತು. ಪ್ರಾಣಿಗಳ ಸರ್ಕಸ್ ಅಲ್ಲ. ಕೀನ್ಯಾ, ತಾಂಜಾನಿಯಾ, ಇಥಿಯೋಪಿಯಾ ದೇಶಗಳ ಕಲಾವಿದರನ್ನು ಕೂಡಿಸಿಕೊಂಡು ಊರೂರು ತಿರುಗುತ್ತಿದ್ದ, ಆಫ್ರಿಕಾದ ಕುಣಿತ, ನಗಾರಿ, ಕಸರತ್ತುಗಳ ಪ್ರದರ್ಶನ ಅದು. ಪೋಸ್ಟರಿನಲ್ಲಿ ಮಾತ್ರ ದೊಡ್ಡದೊಂದು ಸಿಂಹದ ಮುಖ ಇತ್ತು. ಮೊದಲ ದಿನವೇ ಕರಿ ಕಂಬಳಿ ಹೆಗಲಿಗೆ ಹಾಕಿದ ಸನಮಡಿ ಹಳ್ಳಿಯ ಅಜ್ಜನೊಬ್ಬ ಮ್ಯಾನೇಜರನ್ನು ಹಿಡಿದು ನಿಲ್ಲಿಸಿ, “ಸಿಂಹ ಎಲ್ಲೈತೋ ತಮ್ಮಾ? ನನ್ನ ಕುರಿ ಬಿಟ್ಟು ಬಂದೀನಿ ಅದನ್ನ ನೋಡಾಕ” ಎಂದು ಜಗಳಕ್ಕೆ ನಿಂತನಂತೆ. ಈ ಸುದ್ದಿ ನನಗೆ ಮುಟ್ಟಿಸಿದವಳು ನಮ್ಮ ದವಾಖಾನೆಯ ಗೌರಾ ಮಾವಶಿ. ನಮ್ಮ ಕಡೆ ದವಾಖಾನೆಯ ಆಯಾಗಳಿಗೆ ಮಾವಶಿ ಎನ್ನುತ್ತಾರೆ, ಅಂದರೆ ಚಿಕ್ಕಮ್ಮ. ಬಾಣಂತಿಯರಿಗೆ ನೀರು ಹಾಕುವುದರಿಂದ ಹಿಡಿದು ನನ್ನ ಊಟದ ಡಬ್ಬಿ ತೆರೆದು “ಬರೇ ಚಪಾತಿ ತಂದೀರಲ್ರೀ, ರೊಟ್ಟಿ ತಿನ್ರಿ” ಎಂದು ಗದರಿಸುವ ತನಕ ಎಲ್ಲ ಅಧಿಕಾರ ಅವಳದು.

ಸರ್ಕಸ್ ಬಂದ ವಾರದಲ್ಲೇ ಒಂದು ಮಧ್ಯಾಹ್ನ ಆ ಹುಡುಗಿ ನನ್ನ ಹತ್ತಿರ ಬಂದಳು. ಒಬ್ಬಳೇ ಬಂದಳು. ಅದೇ ಮೊದಲು ನನಗೆ ಮೆಚ್ಚಿಕೆಯಾದದ್ದು. ಹೆಸರು ಜವಾದಿ. ಕೀನ್ಯಾದ ಕಡಲತೀರದ ಮೊಂಬಾಸಾ ಊರಿನವಳು. ವಯಸ್ಸು ಮೂವತ್ತರ ಒಳಗೆ. ತೆಳ್ಳಗೆ ಕಂಡರೂ ಕೈ ಹಿಡಿದರೆ ಕಬ್ಬಿಣದ ಗಟ್ಟಿತನ. ನಮ್ಮ ದೇಶದಲ್ಲಿ ತಿರುಗಿ ತಿರುಗಿ ಹಿಂದಿ ಕಲಿತಿದ್ದಳು. ಇಂಗ್ಲಿಷ್ ನನಗಿಂತ ಚೆನ್ನಾಗಿತ್ತು. ಎರಡು ದಿನದಿಂದ ಸ್ವಲ್ಪ ಸ್ವಲ್ಪ ರಕ್ತ ಕಾಣಿಸುತ್ತಿದೆ ಎಂದಳು. ತಾನು ಬಸುರಿ ಎಂದು ಅವಳಿಗೆ ಗೊತ್ತಿತ್ತು.

ಸೋನೋಗ್ರಫಿ ಮಾಡಿದೆ. ಹದಿನಾಲ್ಕು ವಾರದ ಗರ್ಭ. ಮಗು ಗಟ್ಟಿಯಾಗಿತ್ತು, ಕೈಕಾಲು ಆಡಿಸುತ್ತಿತ್ತು. ಆದರೆ ಮಗುವಿನ ಚೀಲಕ್ಕೂ ಗರ್ಭಕೋಶದ ಗೋಡೆಗೂ ನಡುವೆ ಒಂದಿಷ್ಟು ರಕ್ತ ಜಿನುಗಿ ಹೆಪ್ಪುಗಟ್ಟಿತ್ತು. ಇದಕ್ಕೆ ಸಬ್‌ಕೋರಿಯಾನಿಕ್ ಹೆಮಟೋಮಾ ಎನ್ನುತ್ತೇವೆ. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ, ಬಹಳಷ್ಟು ಸಲ ಅದು ತಾನೇ ಕರಗಿ ಹೋಗುತ್ತದೆ. ಇಷ್ಟನ್ನು ಹೇಳಿ, ಸರ್ಕಸ್ಸಿನಲ್ಲಿ ಏನು ಕೆಲಸ ಮಾಡುತ್ತೀ ಎಂದು ಕೇಳಿದೆ. ಅಡಿಗೆಯವಳೋ ಬಟ್ಟೆ ಹೊಲಿಯುವವಳೋ ಆಗಿರಲಿ ದೇವರೇ ಎಂದು ಮನಸ್ಸಿನಲ್ಲಿ ಬೇಡಿಕೊಳ್ಳುತ್ತಲೇ ಕೇಳಿದೆ.

“ಮನುಷ್ಯರ ಗೋಪುರ ಕಟ್ಟುತ್ತೇವೆ. ನಾನು ತುದಿಯಲ್ಲಿ ನಿಲ್ಲುವವಳು” ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಕಲಿತ ಇಂಗ್ಲಿಷೆಲ್ಲ ಸೇರಿಸಿ ಬೈದೆ. ನನ್ನ ಬೈಗುಳ ಮುಗಿದ ಮೇಲೆ ಅವಳು ನಿಧಾನಕ್ಕೆ ಮಾತಾಡಿದಳು. ಇದು ಅವಳ ಮೂರನೆಯ ಬಸುರು. ಮೊದಲಿನ ಎರಡೂ ನಿಂತಿರಲಿಲ್ಲ. “ಎರಡೂ ಸಲ ನಾನು ಕೆಲಸ ಬಿಟ್ಟು ಹಾಸಿಗೆಯಲ್ಲೇ ಮಲಗಿದ್ದೆ ಡಾಕ್ಟರ್. ಮಲಗಿದ್ದರೂ ಹೋದವು” ಎಂದಳು. ಮೊದಲ ತಿಂಗಳುಗಳಲ್ಲಿ ಗರ್ಭ ಹೋಗುವುದಕ್ಕೆ ಹೆಚ್ಚಾಗಿ ತಾಯಿಯ ಓಡಾಟ ಕಾರಣವೇ ಅಲ್ಲ, ಹಾಸಿಗೆ ಹಿಡಿದರೆ ಉಳಿಯುತ್ತದೆ ಎಂಬುದೂ ನಿಜವಲ್ಲ. ನಾನು ಹೇಳಿದ್ದು ಇಷ್ಟೇ: “ಕಸರತ್ತಿಗೆ ನಾನು ಹೆದರುವುದಿಲ್ಲ, ಹುಡುಗಿ. ಬೀಳುವುದಕ್ಕೆ ಹೆದರುತ್ತೇನೆ.”

“ನಾನು ಬೀಳುವುದಿಲ್ಲ.”

“ಬೀಳುತ್ತೇನೆ ಎಂದು ಹೇಳಿ ಯಾರೂ ಬೀಳುವುದಿಲ್ಲ.”

ಅವಳಿಗೆ ನಗು ಬಂತು. ಆದರೆ ಒಪ್ಪಲಿಲ್ಲ. ಅವಳ ಗಂಡ ಜುಮಾ ಅದೇ ತಂಡದಲ್ಲಿದ್ದ. ಗೋಪುರದ ಬುಡದಲ್ಲಿ ನಿಂತು ಎಲ್ಲರ ಭಾರ ಹೊರುವವನು ಅವನೇ. ಅವನಿಗೆ ಇದು ಇನ್ನೂ ಗೊತ್ತಿರಲಿಲ್ಲ. ಮೇಲೆ ಹತ್ತುವುದಿಲ್ಲ ಎಂದರೆ ಯಾಕೆ ಎಂದು ಅವನು ಕೇಳುತ್ತಾನೆ. ಹೊಸ ಹುಡುಗಿಯೊಬ್ಬಳು ಮುಂದಿನ ಊರಿನ ಮೊಕ್ಕಾಮಿನಲ್ಲಿ ತಂಡ ಸೇರುವವಳಿದ್ದಳು. ಅಲ್ಲಿಯ ತನಕ ಹೇಗೋ ತಳ್ಳಿಬಿಟ್ಟರೆ, ತಾನು ಕೆಳಗೆ ಇಳಿದದ್ದಕ್ಕೆ ಯಾರೂ ಕಾರಣ ಕೇಳುವುದಿಲ್ಲ ಎಂಬುದು ಅವಳ ಲೆಕ್ಕ.

ಗಂಡನಿಗಾದರೂ ಹೇಳು ಎಂದೆ. ಆಗ ಅವಳ ಕಣ್ಣು ತುಂಬಿತು. “ಎರಡೂ ಸಲ ಅವನಿಗೆ ಹೇಳಿದ ದಿನವೇ ಊರಿಗೆಲ್ಲ ಫೋನ್ ಮಾಡಿದ. ತಾಯಿಗೆ, ಅಣ್ಣಂದಿರಿಗೆ, ಶಾಲೆಯ ಗೆಳೆಯರಿಗೆ. ಆಮೇಲೆ ಒಬ್ಬೊಬ್ಬರಿಗೂ ಮತ್ತೆ ಫೋನ್ ಮಾಡಿ ಇಲ್ಲ ಎಂದು ಹೇಳಿದ. ಅವನು ಹಾಗೆ ಹೇಳುವುದನ್ನು ನಾನು ಕೇಳಿಸಿಕೊಂಡಿದ್ದೇನೆ ಡಾಕ್ಟರ್. ಈ ಸಲ ಹೊಟ್ಟೆ ಎಲ್ಲರಿಗೂ ಕಾಣುವ ಹಾಗಾದ ಮೇಲೆ ನಾನೇ ಅವನ ಕೈ ಹಿಡಿದು ಹೇಳುತ್ತೇನೆ. ಹೇಗೆ ಹೇಳಬೇಕು ಅಂತ ದಿನಾ ಯೋಚಿಸುತ್ತೇನೆ.”

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಗಂಡಸರು ನಮ್ಮಲ್ಲೂ ಇದ್ದಾರೆ. ಅವರ ಹೆಂಡಂದಿರ ಸಂಕಟ ನನಗೆ ಹೊಸದಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ಕೊಡದಿದ್ದರೂ ಅದು ನನ್ನ ಕರ್ತವ್ಯವೇ. ಹಾಗೆ ಮಾತು ಕೊಟ್ಟು ಕಳಿಸಿದ ಮೇಲೆ ಮಾತ್ರ ನನಗೆ ಸಮಾಧಾನ ಇರಲಿಲ್ಲ.

ಮರುದಿನ ಸರ್ಕಸ್ಸಿನ ಮ್ಯಾನೇಜರ್ ಬಂದ. ಮಿರಜದ ಕಡೆಯ ಮನುಷ್ಯ, ಮರಾಠಿಯಲ್ಲಿ ಶುರು ಮಾಡಿ ಕನ್ನಡಕ್ಕೆ ಹೊರಳಿದ. “ನಮ್ಮ ಹುಡುಗಿ ಬಂದಿದ್ಲಂತಲ್ರೀ ಮ್ಯಾಡಮ್. ಏನಾಗೇದ ಆಕಿಗಿ?”

“ಆಕಿನ್ನ ಕೇಳ್ರಿ.”

“ಆಕಿ ಏನೂ ಇಲ್ಲ ಅಂತಾಳ್ರಿ.”

“ಹಂಗಿದ್ರ ಏನೂ ಇಲ್ಲ. ಮತ್ಯಾಕ ಬಂದೀರಿ? ನಿಮಗೇನರ ಹೆರಿಗಿ ಬ್ಯಾನಿ ಐತೇನು?”

ಅವನು ಹೋದ. ಬಾಗಿಲ ಬಳಿ ನಿಂತಿದ್ದ ಗೌರಾ ಮಾವಶಿ ಬಾಯಿಗೆ ಸೆರಗು ಹಿಡಿದು ನಕ್ಕಳು. ಅವಳನ್ನೂ ಗದರಿಸಿದೆ. “ನೋಡ ಮಾವಶಿ, ಈ ಹುಡುಗಿ ಸುದ್ದಿ ನಿನ್ನ ಬಾಯಿಂದ ಹೊರಗ ಬಿತ್ತು ಅಂದ್ರ ನಿನ್ನ ನೌಕರಿ ಖಲಾಸ್” ಎಂದೆ. ಅವಳು ಗಂಟಲು ಮುಟ್ಟಿಕೊಂಡು ಆಣೆ ಮಾಡಿದಳು. “ನನ್ನ ನಾಲಿಗಿ ಬಿದ್ದು ಹೋಗ್ಲಿ ಬಾಯಾರ, ಒಂದ್ ಶಬ್ದಾ ಆಡಂಗಿಲ್ಲ.” ಆಡಲೂ ಇಲ್ಲ. ಅದನ್ನು ಇವತ್ತಿಗೂ ನಾನು ಒಪ್ಪುತ್ತೇನೆ.

ಶುಕ್ರವಾರ ಜವಾದಿ ಮತ್ತೆ ಬಂದಳು. ರಕ್ತ ನಿಂತಿತ್ತು. ನಿಂತದ್ದೇ ಪರವಾನಗಿ ಸಿಕ್ಕ ಹಾಗೆ ಮುಖ ಅರಳಿಸಿಕೊಂಡಿದ್ದಳು. ನಾನು ಮತ್ತೆ ಬೈಯಬೇಕು ಎನ್ನುವಷ್ಟರಲ್ಲಿ ಬಾಲಗಾಂವದಿಂದ ಬಂದಿದ್ದ ಹೆರಿಗೆ ಕೇಸು ಜೋರಾಯಿತು, ನಾನು ಲೇಬರ್ ರೂಮಿಗೆ ಓಡಿದೆ. ಹೊರಗೆ ಬಂದಾಗ ಜವಾದಿ ಹೋಗಿಯಾಗಿತ್ತು. ಮಾವಶಿ ನನ್ನ ಮುಖ ನೋಡದೆ ನೆಲ ಒರೆಸುತ್ತಿದ್ದಳು. ಒರೆಸಿದ ನೆಲವನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು. ನನಗೆ ದಣಿವಾಗಿತ್ತು, ಕೇಳಲಿಲ್ಲ.

ಭಾನುವಾರ ಸಂಜೆ ನಾಲ್ಕರ ಆಟಕ್ಕೆ ನಾನೂ ಮಾವಶಿಯೂ ಹೋದೆವು. ನನಗೆ ಸರ್ಕಸ್ಸಿನ ಹುಚ್ಚೇನೂ ಇಲ್ಲ. ನಾನು ಜವಾದಿಯ ಕಣ್ಣಳತೆಯಲ್ಲಿ ಇದ್ದರೆ, ಆಗಬಾರದ್ದು ಆದರೆ ಕೈಗೆ ಸಿಗುತ್ತೇನೆ ಎಂದು ಚೀಲದಲ್ಲಿ ಔಷಧಿ, ಸಲೈನ್ ತುಂಬಿಕೊಂಡು ಹೋಗಿದ್ದೆ. ಡೇರೆ ಕಿಕ್ಕಿರಿದಿತ್ತು. ಯಳವಿ, ಸನಮಡಿಯಿಂದೆಲ್ಲ ಟೆಂಪೋ ಮಾಡಿಕೊಂಡು ಬಂದಿದ್ದರು. ಹೆಂಗಸರು ಒಂದು ಕಡೆಯ ಗ್ಯಾಲರಿಯನ್ನು ಪೂರ್ತಿ ಹಿಡಿದುಕೊಂಡಿದ್ದರು. ಅವರ ನಡುವೆಯೇ ನಮಗೆ ಜಾಗ ಸಿಕ್ಕಿತು.

ನೋಡಿದ ಮೇಲೆ ಅನ್ನಿಸಿತು, ಇದನ್ನು ನೋಡದೆ ಸತ್ತಿದ್ದರೆ ನಷ್ಟವಾಗುತ್ತಿತ್ತು. ಇಥಿಯೋಪಿಯಾದ ಹುಡುಗಿಯರು ಕಾಲು ಅಲುಗಿಸದೆ ಬರೀ ಭುಜದಿಂದ ಕುಣಿದರು. ಅಷ್ಟು ಹೊತ್ತು ಭುಜ ಅದುರಿಸುವುದನ್ನು ಮೂಳೆ-ಸ್ನಾಯು ಓದಿದ ನನಗೇ ನಂಬಲಾಗಲಿಲ್ಲ. ಮರಗಾಲು ಕಟ್ಟಿಕೊಂಡವರು ಡೇರೆಯ ಬಟ್ಟೆ ಮುಟ್ಟುವಷ್ಟು ಎತ್ತರದಲ್ಲಿ ನಡೆದರು. ಒಬ್ಬ ಮುದುಕ ಕಲಾವಿದ ಮೀನುಗಾರರ ಹಾಡು ಹೇಳಿದಾಗ ಉಳಿದವರೆಲ್ಲ ಬಲೆ ಎಳೆಯುವ ಹಾಗೆ ತೂಗಿದರು. ಮೈಕಿನವನು ಮಾತ್ರ “ಕಾಡಿನ ಮಂದಿ, ಕಾಡಿನ ಮಂದಿ” ಎಂದು ಒದರುತ್ತಿದ್ದ. ಜವಾದಿ ನನಗೆ ಹೇಳಿದ್ದಳು, ಅವಳು ಹುಟ್ಟಿದ ಮನೆಯ ಎದುರಿಗೆ ಸಿನಿಮಾ ಟಾಕೀಸು ಇತ್ತಂತೆ, ಕಾಡು ನೋಡಿದ್ದು ನಮ್ಮ ದೇಶಕ್ಕೆ ಬಂದ ಮೇಲೆ ರೈಲಿನ ಕಿಟಕಿಯಿಂದ. ನಗಾರಿ ಶುರುವಾದಾಗ ಗಂಡಸರ ಗ್ಯಾಲರಿಯಲ್ಲಿ ಪಟಗಾ ಸುತ್ತಿದ ಕುರುಬರ ಹಿರಿಯನೊಬ್ಬ ಎದ್ದು ನಿಂತ. “ಏ ಇದು ನಮ್ಮ ಡೊಳ್ಳಿನ ತಮ್ಮ ಅಲಾ!” ಎಂದು ಕೂಗಿ ತೊಡೆ ತಟ್ಟತೊಡಗಿದ. ಡೇರೆಯೆಲ್ಲ ನಕ್ಕಿತು.

ನಡುವೆ ಕಲಾವಿದರೆಲ್ಲ ಸಾಲಾಗಿ ಅಖಾಡದ ಸುತ್ತ ಬಂದರು. ಜವಾದಿಯನ್ನು ನೋಡಿದ್ದೇ ನಾನು ಕೂತಲ್ಲಿಂದ ಅರ್ಧ ಎದ್ದೆ. ಎರಡೂ ಕೈತುಂಬ ಹಸಿರು ಗಾಜಿನ ಬಳೆ. ಸೊಂಟಕ್ಕೆ, ಆಟದ ಉಡುಪಿನ ಮೇಲೆ, ರವಿಕೆಗೆಂದು ಕೊಡುವ ಹಸಿರು ಖಣ ಬಿಗಿದು ಕಟ್ಟಿದ್ದಳು. ಹೊಟ್ಟೆಯ ಹತ್ತಿರ ಅದರ ಗಂಟು ಉಬ್ಬಿಕೊಂಡಿತ್ತು, ಒಳಗೆ ಏನೋ ಇಟ್ಟು ಕಟ್ಟಿದ ಹಾಗೆ. ಏನಿಟ್ಟು ಕಟ್ಟಿದ್ದಾರೆಂದು ನನಗೂ ಗೊತ್ತು, ನನ್ನ ಸುತ್ತ ಕೂತ ಪ್ರತಿಯೊಬ್ಬ ಹೆಂಗಸಿಗೂ ಗೊತ್ತು. ಕೊಬ್ಬರಿ, ಅರಿಷಿಣಕೊಂಬು, ಉತ್ತತ್ತಿ, ಅಡಿಕೆ, ಅಕ್ಕಿ.

ನಾನು ಮಾವಶಿಯ ಕಡೆ ತಿರುಗಿದೆ. ಅವಳು ಮುದುಡಿ ಕೂತಿದ್ದಳು.

“ಏನ ಮಾಡೀದಿ?”

“ಕಳ್ಳ ಕುಬುಸ ಮಾಡೀನ್ರೀ ಬಾಯಾರ.”

ಗೊತ್ತಿಲ್ಲದವರಿಗಾಗಿ ಹೇಳಬೇಕು. ನಮ್ಮ ಸೀಮೆಯಲ್ಲಿ ಬಸುರಿಗೆ ಎಲ್ಲರನ್ನೂ ಕರೆದು ಮಾಡುವ ದೊಡ್ಡ ಕುಬುಸಕ್ಕಿಂತ, ಅಂದರೆ ಸೀಮಂತಕ್ಕಿಂತ ಮೊದಲು, ಮೂರನೆಯ ತಿಂಗಳ ಆಜೂಬಾಜು, ಕಳ್ಳ ಕುಬುಸ ಎಂದು ಮಾಡುತ್ತಾರೆ. ಮರಾಠಿ ಮನೆಗಳಲ್ಲಿ ಚೋರ ಓಟಿ ಎನ್ನುತ್ತಾರೆ. ಸುದ್ದಿ ಇನ್ನೂ ಬಯಲಾಗಿರುವುದಿಲ್ಲ. ಮನೆಯ ನಾಲ್ಕು ಹೆಂಗಸರು ಹಿಂಬಾಗಿಲು ಮುಚ್ಚಿ, ಹಸಿರು ಬಳೆ ಇಡಿಸಿ, ಹಸಿರು ಖಣ ಕೊಟ್ಟು, ಉಡಿ ತುಂಬುತ್ತಾರೆ. ಆಮೇಲೆ ಆ ಹೆಂಗಸು ಹಸಿರು ಬಳೆ ಇಟ್ಟುಕೊಂಡು ಹೊರಗೆ ಓಡಾಡಿದರೆ ಓಣಿಯ ಹೆಂಗಸರಿಗೆ ತಿಳಿದೇ ತಿಳಿಯುತ್ತದೆ. ಆದರೆ ಯಾರೂ ಬಾಯಿ ಬಿಡುವುದಿಲ್ಲ. ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ ಇರುವುದೇ ಅದರ ಮರ್ಯಾದೆ.

“ತಾಯಿ ಇಲ್ಲದ ಊರಾಗ ಒಬ್ಬಾಕೀನ ಅದಾಳ್ರಿ” ಎಂದು ಮಾವಶಿ ಪಿಸುಗುಟ್ಟಿದಳು. “ಶುಕ್ರವಾರ ನೀವು ಲೇಬರ್ ರೂಮಿನ್ಯಾಗ ಇದ್ದಾಗ ನಮ್ಮ ಮನಿಗಿ ಕರಕೊಂಡು ಹೋಗಿದ್ನ್ರಿ. ಬಳಿಗಾರ್ತಿನ್ನ ಕರಿಸಿದ್ನ್ರಿ. ಕಳ್ಳ ಕುಬುಸ ಅಂದ್ರ ಕಳ್ಳ ಕುಬುಸ್ರಿ, ಯಾರಿಗೂ ಹೇಳಿಲ್ಲ. ಮತ್ತ ಕುಬುಸ ಆದ ಹೆಣ್ಣು ಗಿಡಾ ಸೈತ ಹತ್ತಂಗಿಲ್ಲ, ಹಳ್ಳಾ ಸೈತ ದಾಟಂಗಿಲ್ಲ. ಇನ್ನ ಈಕಿ ಮ್ಯಾಲ ಹತ್ತಂಗಿಲ್ಲ ಬಿಡು ಅಂತ ಮಾಡೀನ್ರಿ.”

ಎಂಥ ಲೆಕ್ಕಾಚಾರ! ಖಣ ಕಟ್ಟಿದರೆ ಹುಡುಗಿಯ ಕಾಲು ಕಟ್ಟಿದಂತೆ ಎಂದು ಅವಳ ನಂಬಿಕೆ. ಕುಬುಸವಾದವಳು ಎತ್ತರ ಹತ್ತಬಾರದೆಂಬುದು ನಮ್ಮ ಕಡೆಯ ಮೂರು ವರ್ಷದ ಕೂಸಿಗೂ ಗೊತ್ತಿರುತ್ತದೆ ಎಂದ ಮೇಲೆ ಅದನ್ನು ಮಾವಶಿ ಬಾಯಿಬಿಟ್ಟು ಹೇಳುವುದೇಕೆ? ಹೇಳಲಿಲ್ಲ. ಮೊಂಬಾಸಾದ ಹುಡುಗಿಗೆ ಅದು ತಾಯಿಯಂಥ ಹೆಂಗಸೊಬ್ಬಳು ಕೊಟ್ಟ ಆಶೀರ್ವಾದ, ಅಷ್ಟೇ. ಆಶೀರ್ವಾದವನ್ನು ಮೈಮೇಲೆ ಕಟ್ಟಿಕೊಂಡರೆ ಇನ್ನೂ ಧೈರ್ಯವಾಗಿ ಹತ್ತಬಹುದು ಎಂದು ಅವಳು ತಿಳಿದಿದ್ದಳು. ಅದನ್ನು ಆಮೇಲೆ ಅವಳೇ ನನಗೆ ಹೇಳಿದಳು.

ಅವಳು ಸುತ್ತು ಹಾಕುತ್ತ ಬಂದಂತೆ ಹೆಂಗಸರ ಗ್ಯಾಲರಿಯಲ್ಲಿ ಗುಸುಗುಸು ಎದ್ದಿತು. ಮೊಣಕೈ ತಿವಿದುಕೊಂಡರು. ಸೆರಗಿನಲ್ಲಿ ನಕ್ಕರು. ನನ್ನ ಮುಂದೆ ಕೂತಿದ್ದ ಮುದುಕಿ “ಯವ್ವಾ, ನಮ್ಮ ಖಣ ಉಟ್ಟಾಳವಾ!” ಎಂದು ಕಣ್ಣೊರೆಸಿಕೊಂಡಳು. ಯಾರೂ ಕೂಗಿ ಹೇಳಲಿಲ್ಲ. ಮರ್ಯಾದೆ ಮುರಿಯಲಿಲ್ಲ. ಇದಿಷ್ಟಕ್ಕೇ ಮುಗಿದರೆ ಸಾಕು ಎಂದು ನಾನು ಕೈ ಹಿಸುಕಿಕೊಂಡು ಕೂತೆ.

ಕಡೆಯ ಆಟ ಗೋಪುರದ್ದು. ಜುಮಾ ಬಂದು ನಡುವೆ ನಿಂತ. ದೊಡ್ಡ ಮೈಯ, ಮಗುವಿನ ಮುಖದ ಮನುಷ್ಯ. ಅವನ ಹೆಗಲ ಮೇಲೆ, ತೊಡೆಯ ಮೇಲೆ, ಹಿಡಿದ ಕೈಗಳ ಮೇಲೆ ಒಬ್ಬೊಬ್ಬರಾಗಿ ಹತ್ತಿ ನಿಂತರು. ಜವಾದಿ ಬಳೆಗಳನ್ನು ಒಂದೊಂದಾಗಿ ತೆಗೆದು ಬದಿಗಿಟ್ಟಳು. ಖಣದ ಗಂಟನ್ನು ಇನ್ನೊಮ್ಮೆ ಬಿಗಿದಳು. ಆಮೇಲೆ ಗಂಡನ ತೊಡೆಯ ಮೇಲೆ ಕಾಲಿಟ್ಟಳು.

ಹತ್ತುವವಳು ಇವಳಲ್ಲ, ಸುಮ್ಮನೆ ಆಚೀಚೆ ನಿಲ್ಲುವವಳು ಎಂದು ಹೆಂಗಸರೆಲ್ಲ ತಿಳಿದಿದ್ದರೇನೋ. ಅವಳು ಎರಡನೆಯ ಸಾಲಿನವರ ಹೆಗಲಿಗೆ ಏರಿದಾಗ ನನ್ನ ಮುಂದಿದ್ದ ಮುದುಕಿ ಎದ್ದು ನಿಂತಳು. ಆ ಗಂಟಲು ಎಲ್ಲಿಂದ ಬಂತೋ!

“ಇಳೀ ನಮ್ಮವ್ವಾ! ಇಳೀಯ! ಒಬ್ಬಾಕಿ ಅಲ್ಲ ನೀ! ಹೊಟ್ಟ್ಯಾಗ ಕೂಸೈತಿ!”

ಅಷ್ಟೇ ಸಾಕಾಯಿತು. ಗ್ಯಾಲರಿಗೆ ಗ್ಯಾಲರಿಯೇ ಎದ್ದಿತು. ಕನ್ನಡದಲ್ಲಿ, ಮರಾಠಿಯಲ್ಲಿ, ಬರೀ ಅಳುವಿನಲ್ಲಿ ಕೂಗಿದರು. “ಇಳಿಸ್ರೋ ಆಕಿನ್ನ!” “ಬಸುರಿ ಹೆಣ್ಣಿನ್ನ ಹತ್ತಸ್ತೀರೇನ್ರೋ ನಿಮ್ಮ ಬಾಯಾಗ ಮಣ್ಣ ಹಾಕ!” ನಗಾರಿಯವರಿಗೆ ಏನಾಯಿತೆಂದೇ ತಿಳಿಯಲಿಲ್ಲ, ಬಾರಿಸುವುದನ್ನು ನಿಲ್ಲಿಸಿದರು. ಅವರ ಪೆಟ್ಟಿನ ಲೆಕ್ಕಕ್ಕೆ ಕಾಲು ಎತ್ತಿಡುತ್ತಿದ್ದ ಜವಾದಿ, ಒಂದು ಕಾಲು ಒಬ್ಬನ ಹೆಗಲ ಮೇಲೆ, ಇನ್ನೊಂದು ಗಾಳಿಯಲ್ಲಿ, ಹಾಗೇ ನಿಂತುಬಿಟ್ಟಳು. ಗೋಪುರ ಅದುರಿತು.

“ಬಾಯಿ ಮುಚ್ರೆವ್ವಾ! ನೀವ ಕೆಡವ್ತೀರಿ ಆಕಿನ್ನ! ಮುಚ್ರೀ!” ಎಂದು ನಾನೂ ಚೀರಿದೆ. ಕೇಳುವವರು ಯಾರು? ಆದರೆ ಕೂಗಿನಿಂದ ಪ್ರಯೋಜನವಿಲ್ಲ ಎಂದು ಅವರಿಗೇ ತಿಳಿಯಿತು. ಆ ಮಂದಿಗೆ ನಮ್ಮ ಭಾಷೆ ಬರುವುದಿಲ್ಲವಲ್ಲ. ಮೊದಲು ಆ ಮುದುಕಿ, ಆಮೇಲೆ ಅವಳನ್ನು ನೋಡಿ ಉಳಿದವರು, ಜುಮಾನ ಕಡೆ ಮುಖ ಮಾಡಿ ಕೈಯಿಂದ ಹೇಳತೊಡಗಿದರು. ಮೇಲೆ ಇದ್ದವಳ ಕಡೆ ಬೆರಳು ತೋರಿಸಿದರು. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡರು. ಎರಡೂ ತೋಳು ಕೂಡಿಸಿ ಕೂಸನ್ನು ತೂಗಿದರು. ಇಡೀ ಗ್ಯಾಲರಿಯ ಹೆಂಗಸರು ಒಟ್ಟಿಗೆ ಕೂಸು ತೂಗುತ್ತ ನಿಂತರು.

ಬುಡದಲ್ಲಿದ್ದ ಜುಮಾ ನಮ್ಮ ಕಡೆ ನೋಡಿದ. ಅವನಿಗೆ ತಿಳಿದದ್ದು ನನಗೆ ಕಾಣಿಸಿತು. ಮುಖ ಬಿರಿಯಿತು, ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಮೈಮೇಲೆ ಅಷ್ಟೂ ಜನ ನಿಂತಿದ್ದರು. ತಾನು ತಂದೆಯಾಗುವ ಸುದ್ದಿ ಕೇಳಿದ ಮನುಷ್ಯ ಹಿಗ್ಗಬೇಕು, ಕುಣಿಯಬೇಕು, ಕಡೆಗೆ ಕುಸಿದು ಕೂರಲಾದರೂ ಬೇಕು. ಅವನು ಅಲುಗಾಡಲಿಲ್ಲ. ಕಾಲು ನೆಟ್ಟು ನಿಂತ. ತಗ್ಗಿದ ದನಿಯಲ್ಲಿ ತಮ್ಮ ಭಾಷೆಯಲ್ಲಿ ಏನೋ ಹೇಳಿದ. ಮೇಲಿನವರು ಒಬ್ಬೊಬ್ಬರಾಗಿ, ಒಂದು ಕೈಯಿಂದ ಜವಾದಿಗೆ ಆಸರೆ ಕೊಡುತ್ತ, ಕ್ರಮವಾಗಿ ಇಳಿದರು. ದಿನವೂ ಲಾಗ ಹಾಕಿ ಕೆಳಗೆ ಹಾರುವವಳನ್ನು ಅಂದು ಅವನು ಎರಡೂ ಕೈಯಿಂದ ಹಿಡಿದು ನೆಲದ ಮೇಲೆ ಇಳಿಸಿದ. ಆಮೇಲೆ ಅವಳ ಕಾಲ ಹತ್ತಿರ ಕೂತು ಅತ್ತ.

ಚಪ್ಪಾಳೆ ನಿಲ್ಲಲೇ ಇಲ್ಲ. ಜವಾದಿ ಮಾತ್ರ ನಗಲಿಲ್ಲ. ಗ್ಯಾಲರಿಯಲ್ಲಿ ಕಣ್ಣಾಡಿಸಿ ನನ್ನನ್ನು ಹುಡುಕಿದಳು. ಆ ನೋಟದಲ್ಲಿ ಇದ್ದದ್ದು ಸಿಟ್ಟಲ್ಲ. ನಂಬಿದವರು ಕೈಬಿಟ್ಟಾಗ ನೋಡುವ ನೋಟ. ಅದನ್ನು ಹೊತ್ತುಕೊಂಡು ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಗಂಡಹೆಂಡಿರು ಇಬ್ಬರೂ ಬಂದರು. ಅವಳು ಕೂರಲಿಲ್ಲ. “ನೀವು ಮಾತು ಕೊಟ್ಟಿದ್ದಿರಿ” ಎಂದಳು. ನಾನು ಉತ್ತರಿಸುವ ಮೊದಲೇ ಗೌರಾ ಮಾವಶಿ ಬಾಗಿಲಿಂದ ಒಳಗೆ ನುಗ್ಗಿ ಅವಳ ಕೈ ಹಿಡಿದುಕೊಂಡಳು. “ಬಾಯಾರದು ತಪ್ಪಿಲ್ಲವ್ವಾ, ನಂದು, ನಂದು” ಎಂದು ಎದೆ ಬಡಿದುಕೊಂಡಳು. ಖಣದ ಅರ್ಥ, ಬಳೆಯ ಅರ್ಥ, ಉಡಿಯ ಅರ್ಥ ಎಲ್ಲವನ್ನೂ ನಾನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದೆ. ಜವಾದಿ ಮಾವಶಿಯ ಮುಖ ನೋಡಿದಳು. ನಕ್ಕೇಬಿಡುತ್ತಾಳೆ ಎಂದುಕೊಂಡೆ. ಆಗ ಅವಳು ಹೇಳಿದ ಮಾತು ಇದು:

“ನಿಮ್ಮೂರಿನ ಹೆಂಗಸರು ನನ್ನ ಮಗುವನ್ನು ಉಳಿಸಿದರು, ಇರಬಹುದು. ಆದರೆ ಈ ಸುದ್ದಿ ನಾನು ಅವನಿಗೆ ಹೇಳಬೇಕಿತ್ತು. ನನ್ನ ಬಾಯಿಂದ. ಅದೊಂದೇ ನನ್ನದು ಅಂತ ಇತ್ತು.”

ಜುಮಾ ತಲೆ ತಗ್ಗಿಸಿ ನಿಂತ. ಅವನು ಯಾರಿಗೂ ಫೋನ್ ಮಾಡಿರಲಿಲ್ಲವಂತೆ. ಅದನ್ನು ಅವನು ಶಾಲೆಯ ಹುಡುಗ ತಪ್ಪೊಪ್ಪಿಕೊಳ್ಳುವ ದನಿಯಲ್ಲಿ ಹೇಳಿದ.

ತಪಾಸಣೆ ಮಾಡಬೇಕಿತ್ತು. ಅವಳನ್ನು ಮಲಗಿಸಿದೆ. ಗಂಡ ಒಳಗೆ ಇರಲಿ ಎಂದು ಅವಳೇ ಹೇಳಿದಳು. ಕೈಯಲ್ಲಿ ಹಿಡಿಯುವ ಸಣ್ಣದೊಂದು ಡಾಪ್ಲರ್ ಯಂತ್ರ ನನ್ನ ಹತ್ತಿರ ಇದೆ. ಹೊಟ್ಟೆಯ ಮೇಲೆ ಇಟ್ಟರೆ ಮಗುವಿನ ಎದೆಬಡಿತ ಗಟ್ಟಿಯಾಗಿ ಕೇಳಿಸುತ್ತದೆ. ಅದನ್ನು ಇಟ್ಟು ಆಚೀಚೆ ಸರಿಸಿದೆ. ಸಿಕ್ಕಿತು. ಲಗುಲಗೂನೆ ಓಡುವ ಸದ್ದು ಕೋಣೆಯೆಲ್ಲ ತುಂಬಿತು. ಜುಮಾ ಬೆಚ್ಚಿ ಯಂತ್ರದ ಕಡೆ ನೋಡಿದ, ಆಮೇಲೆ ನನ್ನ ಕಡೆ. ಅದೇನೆಂದು ಅವನಿಗೆ ತಿಳಿಯಲಿಲ್ಲ. ಮೊದಲಿನ ಎರಡೂ ಸಲ ಅವನಿಗೆ ಇಲ್ಲಿಯ ತನಕ ಬರುವ ಭಾಗ್ಯ ಸಿಕ್ಕಿರಲಿಲ್ಲ.

ಇಂಥ ಹೊತ್ತಿನಲ್ಲಿ ನಾನು ಹೇಳುವ ಮಾತೊಂದಿದೆ. “ಕೇಳ್ರಿ, ನಿಮ್ಮ ಕೂಸಿನ ಎದಿ” ಎಂದು ಸಾವಿರಾರು ಗಂಡಂದಿರಿಗೆ ಹೇಳಿದ್ದೇನೆ. ಹೇಳುವಾಗ ನನಗೇ ಒಂದು ದೊಡ್ಡಸ್ತಿಕೆ. ಅಂದೂ ಬಾಯಿ ತೆರೆದೆ. ಆದರೆ ಜವಾದಿಯ ಮುಖ ಕಂಡಿತು. ತೆರೆದ ಬಾಯಿ ಮುಚ್ಚಿದೆ. ಯಂತ್ರವನ್ನು ಅವಳ ಕೈಗೆ ಕೊಟ್ಟು, ಹೇಗೆ ಒತ್ತಿ ಹಿಡಿಯಬೇಕೆಂದು ತೋರಿಸಿದೆ. ಬಾಗಿಲಲ್ಲಿ ಕತ್ತು ಚಾಚಿ ನಿಂತಿದ್ದ ಮಾವಶಿಯ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಬಂದೆ. ಬಾಗಿಲು ಮುಚ್ಚಿದೆ. ಒಳಗೆ ಸ್ವಲ್ಪ ಹೊತ್ತು ಆ ಸದ್ದು ಮಾತ್ರ ಇತ್ತು. ಆಮೇಲೆ ಜವಾದಿಯ ದನಿ ಕೇಳಿಸಿತು. ಏನು ಹೇಳಿದಳೋ, ಅವರ ಭಾಷೆ ನನಗೆ ಬಾರದು.

ಮ್ಯಾನೇಜರ್ ಶುರುವಿಗೆ ಕೂಗಾಡಿದ. ಕಡೆಗೆ ನಗಾರಿ ಕುಣಿತವನ್ನೇ ಕಡೆಯ ಆಟ ಮಾಡಿಕೊಂಡ. ಜವಾದಿ ನೆಲದ ಮೇಲೆ ನಿಂತು ಹಾಡಿದಳು. “ನಮ್ಮ ಹುಡುಗಿ ಹೆಂಗದಾಳ ನೋಡ್ಕೊಂಡ ಬರೋಣು” ಎಂದು ನೋಡಿದ ಹೆಂಗಸರೇ ಮತ್ತೆ ಮತ್ತೆ ಬಂದು ಡೇರೆ ತುಂಬಿಸಿದ್ದರಿಂದ ಅವನ ಬಾಯಿಯೂ ಬಂದ್ ಆಯಿತು. ಆಮೇಲೆ ಅವರು ಊರು ಬಿಟ್ಟರು. ಮುಂಗಾರು ಶುರುವಾಗುವ ಹೊತ್ತಿಗೆ ಮೊಂಬಾಸಾದಿಂದ ಫೋನ್ ಬಂತು. ಹೆಣ್ಣುಮಗು, ಆರಾಮು. ಹೇಳಿದ್ದು ಜವಾದಿಯೇ. ಜುಮಾ ಪಕ್ಕದಲ್ಲೇ ತುಟಿಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದಾನೆ ಎಂದು ಹೇಳಿ ನಕ್ಕಳು.

ಅಂದು ಆ ಮುದುಕಿ ಕೂಗದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ನನ್ನನ್ನು ಕೇಳಬೇಡಿ. ಜವಾದಿ ಹೇಳಿದ ಹಾಗೆ ಬೀಳದೆಯೂ ಇರಬಹುದಿತ್ತು. ಕೂಗಿದ್ದರಿಂದಲೇ ಬೀಳಬಹುದಿತ್ತು. ನನ್ನ ವಿದ್ಯೆಯಲ್ಲಿ ಇದಕ್ಕೆ ಉತ್ತರ ಇಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ರೋಗಿಯ ಗುಟ್ಟು ಕಾಯ್ದಂತೆ ಎಂದು ನಾನೂ ತಿಳಿದಿದ್ದೆ, ಮಾವಶಿಯೂ ತಿಳಿದಿದ್ದಳು. ಕೆಲಸ ನನಗೆ ಕಲಿಸಿದ್ದು ಇನ್ನೊಂದು. ಕೆಟ್ಟ ಸುದ್ದಿಯನ್ನು ಹೇಳಲು ವೈದ್ಯರು ಬೇಕು, ಅದು ನಮ್ಮ ಪಾಲಿನ ಕಷ್ಟ. ಒಳ್ಳೆಯ ಸುದ್ದಿ ನಮ್ಮದಲ್ಲ. ಈಗ ನನ್ನ ದವಾಖಾನೆಯಲ್ಲಿ ಎದೆಬಡಿತ ಕೇಳಿಸಿದಾಗ ನಾನು ಮಾತಾಡುವುದಿಲ್ಲ. ಗಂಡನಾದವನು ನನ್ನ ಮುಖ ನೋಡಿದರೆ ನಾನು ತಾಯಿಯ ಮುಖ ನೋಡುತ್ತೇನೆ. ಅವಳು ಹೇಳುತ್ತಾಳೆ.